ಎಲ್‌ಡಿಎಲ್ ಇಳಿದರೆ ಸಕ್ಕರೆ ಏರುವುದೇಕೆ? ವಂಶವಾಹಿಗಳ ಸಾಕ್ಷ್ಯದ ಒಂದು ಪರಿಶೀಲನೆ

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗೂ ಸಕ್ಕರೆ ಕಾಯಿಲೆಗೂ ಇರುವ ನಂಟು ಮೊದಲು ಬೆಳಕಿಗೆ ಬಂದದ್ದು ತಲೆಕೆಳಗಾಗಿ. ಪಶ್ಚಿಮ ಸ್ಕಾಟ್ಲೆಂಡಿನ ಗಂಡಸರ ಮೇಲೆ ನಡೆದಿದ್ದ ವಾಸ್ಕಾಪ್ಸ್ ಪ್ರಯೋಗದ ದಾಖಲೆಗಳನ್ನು ಮತ್ತೆ ಜಾಲಾಡಿದ ಸಂಶೋಧಕರು 2001ರಲ್ಲಿ ಒಂದು ಸಿಹಿಸುದ್ದಿ ಕೊಟ್ಟರು: ಪ್ರವಾಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಹೊಸದಾಗಿ ಮಧುಮೇಹ ಕಾಣಿಸಿಕೊಳ್ಳುವ ಸಂಭವ 30% ಕಡಿಮೆ. ಆದರೆ ಆ ಲೆಕ್ಕದಲ್ಲಿದ್ದ ಹೊಸ ರೋಗಿಗಳು ಒಟ್ಟು 139 ಮಂದಿ. ಅಷ್ಟು ಸಣ್ಣ ಸಂಖ್ಯೆಯ ಮೇಲೆ ಕಟ್ಟಿದ ಆಸೆ ಬಹಳ ಕಾಲ ನಿಲ್ಲಲಿಲ್ಲ. 2008ರ ಜುಪಿಟರ್ ಪ್ರಯೋಗದಲ್ಲಿ 17,802 ಜನರಿದ್ದರು. ರೋಸುವಾಸ್ಟ್ಯಾಟಿನ್ ಪಡೆದ ಗುಂಪಿನಲ್ಲಿ 270 ಮಂದಿಗೆ, ಪ್ಲಸೀಬೊ (ಔಷಧಿಯಿಲ್ಲದ ಹುಸಿ ಮಾತ್ರೆ) ಪಡೆದ ಗುಂಪಿನಲ್ಲಿ 216 ಮಂದಿಗೆ ಮಧುಮೇಹ ಪತ್ತೆಯಾಯಿತು. ಎರಡು ವರ್ಷಗಳ ಬಳಿಕ ಗ್ಲಾಸ್ಗೋದ ನವೀದ್ ಸತ್ತಾರ್ ಮತ್ತು ಸಂಗಡಿಗರು 13 ಪ್ರಯೋಗಗಳ 91,140 ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಅನುಮಾನಕ್ಕೆ ಎಡೆ ಉಳಿಯಲಿಲ್ಲ: ಸ್ಟ್ಯಾಟಿನ್ ಸೇವಿಸುವವರಲ್ಲಿ ಮಧುಮೇಹದ ಸಾಧ್ಯತೆ 9% ಹೆಚ್ಚು. ಬೇರೆ ರೀತಿಯಲ್ಲಿ ಹೇಳುವುದಾದರೆ, 255 ಮಂದಿಗೆ ನಾಲ್ಕು ವರ್ಷ ಮಾತ್ರೆ ಕೊಟ್ಟರೆ ಒಬ್ಬರಿಗೆ ಹೆಚ್ಚುವರಿಯಾಗಿ ಸಕ್ಕರೆ ಕಾಯಿಲೆ. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಎಚ್ಚರಿಕೆಯನ್ನು ಸ್ಟ್ಯಾಟಿನ್‌ಗಳ ಅಧಿಕೃತ ವಿವರಣಾ ಪತ್ರಕ್ಕೇ ಸೇರಿಸಿತು.

ಆಮೇಲೆ ಉಳಿದ ಪ್ರಶ್ನೆ ಕಾರಣದ್ದು. ಇದು ಆ ರಾಸಾಯನಿಕಗಳ ಅಡ್ಡಗುಣವೋ, ಅವು ತಡೆಯುವ ಕಿಣ್ವವನ್ನು ತಡೆದದ್ದರ ನೇರ ಫಲವೋ? ಮೊದಲನೆಯದಾದರೆ ಇನ್ನೊಂದು ಅಣುವನ್ನು ಹುಡುಕಬಹುದು. ಎರಡನೆಯದಾದರೆ ಆ ಕಿಣ್ವಕ್ಕೆ ಕೈಹಾಕುವ ಯಾವ ಔಷಧಿಯೂ ಈ ಬೆಲೆ ತೆರಲೇಬೇಕು. ಮಾತ್ರೆಯ ಪ್ರಯೋಗಗಳನ್ನು ಎಷ್ಟು ಕೂಡಿಸಿದರೂ ಇದು ಬಗೆಹರಿಯದು, ಏಕೆಂದರೆ ಅಲ್ಲಿ ಅಣುವೂ ಕಿಣ್ವದ ತಡೆಯೂ ಯಾವಾಗಲೂ ಒಟ್ಟಿಗೇ ಇರುತ್ತವೆ. ಉತ್ತರ ಬಂದದ್ದು, ಸ್ಟ್ಯಾಟಿನ್ ಮುಟ್ಟದಿದ್ದರೂ ಹುಟ್ಟಿನಿಂದಲೇ ಆ ಕಿಣ್ವದ ಚಟುವಟಿಕೆ ತುಸು ಕಡಿಮೆ ಇರುವವರಿಂದ. ಆ ಸಾಕ್ಷ್ಯದಲ್ಲಿ ಯಾವ ಎಳೆ ಗಟ್ಟಿ, ಯಾವುದು ಸಡಿಲ ಎಂದು ಜಗ್ಗಿ ನೋಡುವುದಷ್ಟೇ ಈ ಟಿಪ್ಪಣಿಯ ಉದ್ದೇಶ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್, ಇಳಿಯುವುದಕ್ಕೂ ಮಧುಮೇಹಕ್ಕೂ ನಡುವಿನ ಎಳೆ ಗಟ್ಟಿಯಾಗಿದೆ, ಇವೆರಡರ ನಡುವೆ ದೇಹತೂಕವನ್ನು ಕೂರಿಸುವ ಎಳೆ ಸಾಮಾನ್ಯವಾಗಿ ಹೇಳುವಷ್ಟು ಗಟ್ಟಿಯಿಲ್ಲ.

ಕಿಣ್ವದ ಹೆಸರು ಎಚ್‌ಎಂಜಿ-ಕೋಎ ರಿಡಕ್ಟೇಸ್. ಅದನ್ನು ತಯಾರಿಸುವ ಸೂಚನೆ ಐದನೆಯ ವರ್ಣತಂತುವಿನ ಮೇಲಿರುವ ಎಚ್‌ಎಂಜಿಸಿಆರ್ ಜೀನಿನಲ್ಲಿದೆ. ನಮ್ಮ ದೇಹದ ಕೊಲೆಸ್ಟ್ರಾಲಿನ ಬಹುಪಾಲು ಊಟದಿಂದ ಬರುವುದಿಲ್ಲ, ಒಳಗೇ ತಯಾರಾಗುತ್ತದೆ. ಆ ತಯಾರಿಕೆಯ ವೇಗವನ್ನು ನಿರ್ಧರಿಸುವ ಹಂತ ಈ ಕಿಣ್ವದ್ದು. 1970ರ ದಶಕದ ಆರಂಭದಲ್ಲಿ ಟೋಕಿಯೊದ ಸಾಂಕ್ಯೊ ಕಂಪನಿಯಲ್ಲಿದ್ದ ಅಕಿರಾ ಎಂಡೊ ಒಂದು ಬೂಷ್ಟಿನಿಂದ ಈ ಕಿಣ್ವವನ್ನು ಕಟ್ಟಿಹಾಕುವ ವಸ್ತುವನ್ನು ಬೇರ್ಪಡಿಸಿದರು. ಆ ದಾರಿಯಲ್ಲೇ ಮುಂದೆ ಬಂದ ಲೋವಾಸ್ಟ್ಯಾಟಿನ್ 1987ರಲ್ಲಿ ಮಾರುಕಟ್ಟೆಗೆ ಇಳಿಯಿತು. ಆದರೆ ಸ್ಟ್ಯಾಟಿನ್ ರಕ್ತದ ಎಲ್‌ಡಿಎಲ್ ಇಳಿಸುವುದು ತಯಾರಿಕೆ ತಗ್ಗಿದ್ದರಿಂದ ಮಾತ್ರವಲ್ಲ. ಯಕೃತ್ತಿನ ಜೀವಕೋಶಕ್ಕೆ ಒಳಗಿನ ಕೊಲೆಸ್ಟ್ರಾಲ್ ಸಾಲದಾದಾಗ ಅದು ತನ್ನ ಮೈಮೇಲೆ ಎಲ್‌ಡಿಎಲ್ ಗ್ರಾಹಕಗಳನ್ನು ಹೆಚ್ಚಾಗಿ ಮೂಡಿಸಿಕೊಂಡು, ರಕ್ತದಲ್ಲಿ ಹೋಗುತ್ತಿರುವ ಎಲ್‌ಡಿಎಲ್ ಕಣಗಳನ್ನು ಒಳಗೆಳೆದುಕೊಳ್ಳುತ್ತದೆ. ಡಲ್ಲಾಸಿನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಬಿಡಿಸಿದ ಒಗಟು ಇದು. 1985ರ ನೊಬೆಲ್ ಅವರಿಗೆ ಬಂದದ್ದು ಇದಕ್ಕಾಗಿಯೇ. ರಕ್ತದಲ್ಲಿ ಕಡಿಮೆಯಾದ ಕೊಲೆಸ್ಟ್ರಾಲ್ ಎಲ್ಲೋ ಕರಗಿಹೋಗುವುದಿಲ್ಲ, ಜೀವಕೋಶದೊಳಗೆ ಹೋಗುತ್ತದೆ. ಮುಂದಿನ ವಾದವೆಲ್ಲ ಈ ಮಾತಿನ ಮೇಲೆ ನಿಂತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇನ್ನು ವಿಧಾನ. ಎಚ್‌ಎಂಜಿಸಿಆರ್ ಜೀನಿನ ಒಳಗೂ ಸುತ್ತಲೂ ಕೆಲವೆಡೆ ಡಿಎನ್‌ಎಯ ಒಂದೊಂದು ಅಕ್ಷರ ಜನರಿಂದ ಜನರಿಗೆ ಬೇರೆಯಾಗಿರುತ್ತದೆ. ಇಂಥ ರೂಪಭೇದಗಳಲ್ಲಿ ಕೆಲವು ಜೀವನಪೂರ್ತಿ ಎಲ್‌ಡಿಎಲ್ ಅನ್ನು ಚೂರು ಕೆಳಗಿಡುತ್ತವೆ. ಯಾವ ಮಗುವಿಗೆ ಯಾವ ರೂಪ ಎಂಬುದು ಗರ್ಭ ಕಟ್ಟುವ ಕ್ಷಣದಲ್ಲಿ ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ಮುಂದೆ ಆ ಮಗು ಬೀಡಿ ಸೇದುವುದೋ, ಬೆಳಗ್ಗೆ ಓಡುವುದೋ, ವೈದ್ಯರ ಬಳಿ ಹೋಗುವುದೋ, ಇದ್ಯಾವುದೂ ಆ ಚೀಟಿಯನ್ನು ಬದಲಿಸದು. ಹೀಗಾಗಿ ರೂಪಭೇದ ಉಳ್ಳವರನ್ನೂ ಇಲ್ಲದವರನ್ನೂ ಹೋಲಿಸುವುದು ನಿಸರ್ಗವೇ ನಡೆಸಿದ ಔಷಧ ಪ್ರಯೋಗವನ್ನು ಓದಿದ ಹಾಗೆ. ಮೆಂಡೇಲಿಯನ್ ಯಾದೃಚ್ಛೀಕರಣ ಎಂದು ಈಗ ಕರೆಯುವ ಈ ಉಪಾಯದ ಬೀಜ ಕಾಣುವುದು ಡಚ್ ಸಂಶೋಧಕ ಮಾರ್ಟಿನ್ ಕಾಟನ್ 1986ರಲ್ಲಿ ಲ್ಯಾನ್ಸೆಟ್‌ಗೆ ಬರೆದ ಪುಟ್ಟ ಪತ್ರದಲ್ಲಿ. ಆತನ ಪ್ರಶ್ನೆಯೂ ಕೊಲೆಸ್ಟ್ರಾಲಿನದೇ: ಕೊಲೆಸ್ಟ್ರಾಲ್ ಕಡಿಮೆ ಇರುವವರಲ್ಲಿ ಕ್ಯಾನ್ಸರ್ ಹೆಚ್ಚು ಕಾಣುತ್ತದಲ್ಲ, ಅದು ಕಾರಣವೋ, ಒಳಗೊಳಗೇ ಬೆಳೆಯುತ್ತಿರುವ ರೋಗದ ಪರಿಣಾಮವೋ? ಅಪೊ-ಇ ಜೀನಿನ ರೂಪದಿಂದಾಗಿ ಹುಟ್ಟಾ ಕೊಲೆಸ್ಟ್ರಾಲ್ ಕಡಿಮೆ ಇರುವವರನ್ನು ನೋಡಿದರೆ ತಿಳಿಯುತ್ತದೆ ಎಂದು ಆತ ಸೂಚಿಸಿದ್ದ.

ಸ್ಟ್ಯಾಟಿನ್ ಪ್ರಶ್ನೆಗೆ ಈ ಉಪಾಯವನ್ನು ದೊಡ್ಡ ಪ್ರಮಾಣದಲ್ಲಿ ಅನ್ವಯಿಸಿದ್ದು ಡೇನಿಯಲ್ ಸ್ವೆರ್ಡ್ಲೊ ಮತ್ತು ಸಹೋದ್ಯೋಗಿಗಳು; 2015ರ ಲ್ಯಾನ್ಸೆಟ್‌ನಲ್ಲಿ ಅವರ ಪ್ರಬಂಧವಿದೆ. 43 ಅಧ್ಯಯನಗಳಿಂದ 2,23,463 ಜನರ ಮಾಹಿತಿ. ಆರ್‌ಎಸ್17238484 ಎಂಬ ಸ್ಥಾನದಲ್ಲಿ ಎಲ್‌ಡಿಎಲ್ ಇಳಿಸುವ ರೂಪದ ಒಂದೊಂದು ಪ್ರತಿಗೂ ಎಲ್‌ಡಿಎಲ್ ಲೀಟರಿಗೆ 0.06 ಮಿಲಿಮೋಲ್ (ನಮ್ಮ ಲ್ಯಾಬ್ ವರದಿಗಳ ಭಾಷೆಯಲ್ಲಿ ಡೆಸಿಲೀಟರಿಗೆ ಸುಮಾರು 2.3 ಮಿಲಿಗ್ರಾಂ) ಕಡಿಮೆ. ಅದರ ಜೊತೆಗೇ ತೂಕ 0.30 ಕಿಲೊ ಹೆಚ್ಚು, ಸೊಂಟದ ಸುತ್ತಳತೆ 0.32 ಸೆಂಟಿಮೀಟರ್ ಹೆಚ್ಚು, ರಕ್ತದ ಇನ್ಸುಲಿನ್ 1.62% ಹೆಚ್ಚು, ಗ್ಲೂಕೋಸ್ 0.23% ಹೆಚ್ಚು. ಮಧುಮೇಹದ ಸಾಧ್ಯತೆ ಒಂದು ಪ್ರತಿಗೆ 2% ಹೆಚ್ಚು. ಆರ್‌ಎಸ್12916 ಎಂಬ ಎರಡನೆಯ ಸ್ಥಾನದಲ್ಲಿ ಮಧುಮೇಹದ ಏರಿಕೆ 6%. ಅದೇ ಪ್ರಬಂಧ 1,29,170 ಜನರ ಸ್ಟ್ಯಾಟಿನ್ ಪ್ರಯೋಗಗಳನ್ನೂ ಪಕ್ಕದಲ್ಲಿಟ್ಟು ನೋಡಿತು: ಮಾತ್ರೆಯಿಂದ ಎಲ್‌ಡಿಎಲ್ 0.92 ಮಿಲಿಮೋಲ್ ಇಳಿದು, ಸರಾಸರಿ 4.2 ವರ್ಷಗಳಲ್ಲಿ ತೂಕ 0.24 ಕಿಲೊ ಏರಿ, ಮಧುಮೇಹದ ಸಾಧ್ಯತೆ 12% ಹೆಚ್ಚಿತ್ತು. ಜೀನೂ ಮಾತ್ರೆಯೂ ಒಂದೇ ದಿಕ್ಕನ್ನು ತೋರಿಸುತ್ತಿವೆ. ಆದ್ದರಿಂದ ಮಧುಮೇಹದ ಏರಿಕೆ, ಕಡೇಪಕ್ಷ ಭಾಗಶಃ, ಕಿಣ್ವದ ತಡೆಯಿಂದಲೇ ಆಗುತ್ತದೆ ಎಂಬುದು ಲೇಖಕರ ತೀರ್ಮಾನ.

ದಿಕ್ಕು ಒಂದೇ ಆದರೂ ಅಳತೆ ಕೂಡಿಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಮಾತ್ರೆ ಇಳಿಸಿದ ಎಲ್‌ಡಿಎಲ್ ಜೀನಿನ ಒಂದು ಪ್ರತಿ ಇಳಿಸಿದ್ದರ ಹದಿನೈದು ಪಟ್ಟು. ಏರಿದ ತೂಕ ಮಾತ್ರ ಹೆಚ್ಚುಕಡಿಮೆ ಅಷ್ಟೇ, ತುಸು ಕಡಿಮೆಯೇ. ಜೀನಿನ ಪ್ರಭಾವ ಹುಟ್ಟಿನಿಂದ, ಮಾತ್ರೆಯದು ನಾಲ್ಕು ವರ್ಷದಿಂದ ಎಂಬ ಸಮಾಧಾನ ಇದೆ. ಆದರೆ ಪ್ರಯೋಗಗಳೊಳಗೇ ಇನ್ನೊಂದು ತೊಡಕು ಅಡಗಿದೆ. ಪ್ಲಸೀಬೊಗೆ ಹೋಲಿಸಿದಾಗ ಸ್ಟ್ಯಾಟಿನ್ ಗುಂಪಿನ ತೂಕ 0.33 ಕಿಲೊ ಏರಿತ್ತು. ಸಾಧಾರಣ ಪ್ರಮಾಣದ ಸ್ಟ್ಯಾಟಿನ್‌ಗೆ ಹೆಚ್ಚಿನ ಪ್ರಮಾಣವನ್ನು ಹೋಲಿಸಿದಾಗ ತೂಕ 0.15 ಕಿಲೊ ಇಳಿದಿತ್ತು. ಆದರೂ ಮಧುಮೇಹ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿತ್ತು, 11% ಮತ್ತು 12%. ತೂಕ ಏರಿದ್ದರಿಂದಲೇ ಸಕ್ಕರೆ ಏರುವುದಾದರೆ, ತೂಕ ಇಳಿದ ಕಡೆಯೂ ಸಕ್ಕರೆ ಏರಿದ್ದು ಹೇಗೆ?

ಜೀನಿನ ಕಡೆಯ ತೂಕದ ಸಾಕ್ಷ್ಯಕ್ಕೂ ಒಂದು ಬಿರುಕಿದೆ. ಎಚ್‌ಎಂಜಿಸಿಆರ್ ಒಂಟಿ ಮನೆಯಲ್ಲ. ಅದರ ಆಸುಪಾಸಿನಲ್ಲೇ ಪಿಒಸಿ5 ಎಂಬ ಜೀನಿದೆ. 2010ರಲ್ಲಿ ದೇಹತೂಕದ ಸೂಚ್ಯಂಕಕ್ಕೆ, ಅಂದರೆ ಬಿಎಂಐಗೆ, ನಂಟಿರುವ ಸ್ಥಾನಗಳನ್ನು ಸಾಮೂಹಿಕವಾಗಿ ಹುಡುಕಿದಾಗ ಈ ನೆರೆಯೂ ಪಟ್ಟಿಯಲ್ಲಿ ಬಂದಿತ್ತು. ಡಿಎನ್‌ಎಯಲ್ಲಿ ಅಕ್ಕಪಕ್ಕದ ಅಕ್ಷರಗಳು ತಲೆಮಾರಿನಿಂದ ತಲೆಮಾರಿಗೆ ಜೊತೆಯಾಗಿಯೇ ಸಾಗುವುದರಿಂದ ಎಲ್‌ಡಿಎಲ್ ಒಂದು ಜೀನಿನ ಕೆಲಸವಾಗಿ, ತೂಕ ಅದರ ಪಕ್ಕದ ಜೀನಿನ ಕೆಲಸವಾಗಿರಬಹುದು. ಇದು ಕೇವಲ ಶಂಕೆಯಲ್ಲ ಎಂಬುದಕ್ಕೆ ಎಫ್‌ಟಿಒ ಜೀನಿನ ಪ್ರಸಂಗ ಸಾಕ್ಷಿ. ಬೊಜ್ಜಿನ ಜೀನ್ ಎಂದು 2007ರಿಂದ ಪ್ರಸಿದ್ಧವಾದ ಎಫ್‌ಟಿಒದೊಳಗಿನ ರೂಪಭೇದಗಳು ಕೆಲಸ ಮಾಡುವುದು ಬಹುಮಟ್ಟಿಗೆ ದೂರದಲ್ಲಿರುವ ಐಆರ್‌ಎಕ್ಸ್3, ಐಆರ್‌ಎಕ್ಸ್5 ಎಂಬ ಬೇರೆ ಜೀನ್‌ಗಳ ಮೂಲಕ ಎಂದು 2014–15ರ ಪ್ರಯೋಗಾಲಯದ ಅಧ್ಯಯನಗಳು ತೋರಿಸಿದವು. ಏಳೆಂಟು ವರ್ಷ ಲೋಕವೆಲ್ಲ ಬೈಯುತ್ತಿದ್ದದ್ದು ಪಕ್ಕದ ಮನೆಯವರನ್ನು.

ಹಾಗಾದರೆ ಎಲ್‌ಡಿಎಲ್ ಇಳಿಸುವ ಬೇರೆ ಜೀನ್‌ಗಳು ಏನು ಹೇಳುತ್ತವೆ? ಬೇರೆ ವರ್ಣತಂತುವಿನಲ್ಲಿ, ಬೇರೆ ನೆರೆಹೊರೆಯಲ್ಲಿರುವ ಜೀನೂ ಇದೇ ಮಾತು ಹೇಳಿದರೆ ನೆರೆಮನೆಯ ಅನುಮಾನ ತಗ್ಗುತ್ತದೆ. ಅಂಥದ್ದು ಒಂದನೆಯ ವರ್ಣತಂತುವಿನ ಪಿಸಿಎಸ್‌ಕೆ9. ಇದರ ಪ್ರೋಟೀನು ಎಲ್‌ಡಿಎಲ್ ಗ್ರಾಹಕಗಳನ್ನು ನಾಶಕ್ಕೆ ಕಳುಹಿಸುತ್ತದೆ. ಈ ಜೀನ್ ಅತಿಯಾಗಿ ಕೆಲಸ ಮಾಡುವ ಫ್ರೆಂಚ್ ಕುಟುಂಬಗಳಲ್ಲಿ ಕೊಲೆಸ್ಟ್ರಾಲ್ ವಿಪರೀತ ಏರಿರುವುದು 2003ರಲ್ಲಿ ತಿಳಿಯಿತು. ಡಲ್ಲಾಸಿನ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಪ್ರಶ್ನೆಯನ್ನು ಮಗುಚಿ ಹಾಕಿ, ಜೀನ್ ಕೆಟ್ಟುಹೋದವರನ್ನು ಹುಡುಕಿದರು. 2006ರ ಅವರ ವರದಿ ಹೃದ್ರೋಗ ಸಂಶೋಧನೆಯ ಮೈಲಿಗಲ್ಲು: ಅಧ್ಯಯನದಲ್ಲಿದ್ದ ಕಪ್ಪು ಅಮೆರಿಕನ್ನರಲ್ಲಿ 2.6% ಮಂದಿಗೆ ಈ ಜೀನಿನ ಒಂದು ಪ್ರತಿ ನಿಷ್ಕ್ರಿಯ. ಅವರ ಎಲ್‌ಡಿಎಲ್ 28% ಕಡಿಮೆ, ಹೃದ್ರೋಗ 88% ಕಡಿಮೆ. ಎಲ್‌ಡಿಎಲ್‌ನ ಇಳಿಕೆಗೂ ಹೃದಯಕ್ಕಾದ ಲಾಭಕ್ಕೂ ಇರುವ ಈ ಅಂತರವೇ ಜೀವನಪೂರ್ತಿ ಕಡಿಮೆ ಇರುವುದರ ಬಲವನ್ನು ಮೊದಲು ತೋರಿಸಿದ್ದು.

ಮಧುಮೇಹದ ಬಗ್ಗೆ ಪಿಸಿಎಸ್‌ಕೆ9 ಏನೆನ್ನುತ್ತದೆ ಎಂಬುದಕ್ಕೆ ಮೂರು ದೊಡ್ಡ ಲೆಕ್ಕಗಳಿವೆ. ಬ್ರಯನ್ ಫೆರೆನ್ಸ್ ಮತ್ತು ಸಂಗಡಿಗರು 2016ರಲ್ಲಿ 1,12,772 ಜನರನ್ನು ನೋಡಿ, ಎಲ್‌ಡಿಎಲ್ ಪ್ರತಿ 10 ಮಿಲಿಗ್ರಾಂ ಇಳಿದಾಗ ಮಧುಮೇಹದ ಸಾಧ್ಯತೆ ಪಿಸಿಎಸ್‌ಕೆ9 ಮೂಲಕ 11%, ಎಚ್‌ಎಂಜಿಸಿಆರ್ ಮೂಲಕ 13% ಏರುತ್ತದೆ ಎಂದರು. ಲುಕಾ ಲೊಟ್ಟಾ ಗುಂಪು ಅದೇ ವರ್ಷ ಪ್ರತಿ 1 ಮಿಲಿಮೋಲಿಗೆ 19% ಎಂದಿತು. 2017ರಲ್ಲಿ ಆಮಂಡ್ ಸ್ಮಿಟ್ ಗುಂಪು ಐದೂವರೆ ಲಕ್ಷಕ್ಕೂ ಹೆಚ್ಚು ಜನರಿಂದ ಪ್ರತಿ 1 ಮಿಲಿಮೋಲಿಗೆ 29% ಎಂದಿತು, ಜೊತೆಗೆ ಒಂದು ಕಿಲೊದಷ್ಟು ತೂಕವನ್ನೂ ಸೇರಿಸಿತು. ಮೇಲುನೋಟಕ್ಕೆ 11, 19, 29 ಎಂದು ಏರುಕ್ರಮ ಕಾಣುತ್ತದೆ. ಅಳತೆಗೋಲು ಬೇರೆಬೇರೆ ಇರುವುದರಿಂದ ಹುಟ್ಟಿದ ಭ್ರಮೆ ಅದು. 1 ಮಿಲಿಮೋಲ್ ಎಂದರೆ 38.7 ಮಿಲಿಗ್ರಾಂ. ಮೂರನ್ನೂ 10 ಮಿಲಿಗ್ರಾಂ ಗೋಲಿಗೆ ತಂದರೆ ಕ್ರಮವಾಗಿ 11%, ಸುಮಾರು 4.5%, ಸುಮಾರು 7% ಸಿಗುತ್ತದೆ. ಅಂದರೆ ದೊಡ್ಡದಾಗಿ ಕಾಣುವ ಸಂಖ್ಯೆ ನಿಜದಲ್ಲಿ ನಡುವಿನದು. ಪತ್ರಿಕಾ ವರದಿಗಳಲ್ಲಿ ಈ ಅಳತೆಗೋಲಿನ ಮಾತು ಬಹಳ ಸಲ ಬಿಟ್ಟುಹೋಗಿರುತ್ತದೆ. ಓದುವವರು ಪ್ರತಿ ಎಷ್ಟಕ್ಕೆ ಎಂದು ಕೇಳಿಕೊಳ್ಳದೆ ಮುಂದೆ ಹೋಗಬಾರದು. ಕರುಳಿನಿಂದ ಕೊಲೆಸ್ಟ್ರಾಲ್ ಹೀರುವ ಎನ್‌ಪಿಸಿ1ಎಲ್1 ಜೀನಿಗೆ ಲೊಟ್ಟಾ ಗುಂಪು ಕೊಟ್ಟ ಅಂಕಿ ಇನ್ನೂ ಗಾಬರಿ ಹುಟ್ಟಿಸುವಂಥದ್ದು, ಪ್ರತಿ ಮಿಲಿಮೋಲಿಗೆ 2.42 ಪಟ್ಟು. ಆದರೆ ಅಲ್ಲಿನ ರೂಪಭೇದಗಳು ವಾಸ್ತವದಲ್ಲಿ ಎಲ್‌ಡಿಎಲ್ ಇಳಿಸುವುದು ಒಂದು ಮಿಲಿಮೋಲಿನ ಸಣ್ಣ ಚೂರನ್ನು ಮಾತ್ರ. ಚೂರನ್ನು ಹಿಗ್ಗಿಸಿ ಇಡಿಯಾಗಿಸುವಾಗ ಅದರೊಳಗಿನ ದೋಷವೂ ಅಷ್ಟೇ ಹಿಗ್ಗುತ್ತದೆ.

ಹಿಗ್ಗಿಸುವ ಲೆಕ್ಕವನ್ನು ಎರಡೂ ಕಡೆಗೆ ಮಾಡಿ ನೋಡುವುದು ನ್ಯಾಯ. ಫೆರೆನ್ಸ್ ಅಂದಾಜಿನ 13% ಅನ್ನು ಪ್ರಯೋಗಗಳಲ್ಲಿ ಇಳಿದ 0.92 ಮಿಲಿಮೋಲಿಗೆ ವಿಸ್ತರಿಸಿದರೆ ಮಧುಮೇಹದ ಏರಿಕೆ 50% ದಾಟುತ್ತದೆ. ಪ್ರಯೋಗದಲ್ಲಿ ಕಂಡದ್ದು 12% ಮಾತ್ರ. ಗಾಬರಿಪಡುವ ಮೊದಲು ಹೃದಯದ ಕಡೆಯ ಲೆಕ್ಕವನ್ನೂ ಹೀಗೇ ಹಿಗ್ಗಿಸೋಣ. ಅದೇ ಪ್ರಬಂಧದ ಪ್ರಕಾರ ಪ್ರತಿ 10 ಮಿಲಿಗ್ರಾಂಗೆ ಹೃದಯರಕ್ತನಾಳದ ಅವಘಡ 19% ಕಡಿಮೆ. 1 ಮಿಲಿಮೋಲಿಗೆ ವಿಸ್ತರಿಸಿದರೆ 56% ಕಡಿಮೆ. ಸ್ಟ್ಯಾಟಿನ್ ಪ್ರಯೋಗಗಳಲ್ಲಿ ಕಂಡದ್ದು ಪ್ರತಿ ಮಿಲಿಮೋಲಿಗೆ ಸುಮಾರು 22%. ಲಾಗರಿದಮ್ ಮಾಪನದಲ್ಲಿ ನೋಡಿದರೆ ಜೀವನಪೂರ್ತಿಯ ಪ್ರಭಾವ ಕೆಲವು ವರ್ಷಗಳ ಮಾತ್ರೆಗಿಂತ ಹಾನಿಯಲ್ಲೂ ಲಾಭದಲ್ಲೂ ಮೂರರಿಂದ ನಾಲ್ಕು ಪಟ್ಟು. ಕಾಲ ಎರಡು ತಟ್ಟೆಗಳನ್ನೂ ಹೆಚ್ಚುಕಡಿಮೆ ಸಮವಾಗಿ ಒತ್ತುತ್ತದೆ. ಜೀನಿನ ಅಂಕಿಗಳಲ್ಲಿ ಹಾನಿಯದನ್ನು ಮಾತ್ರ ಹೆಕ್ಕಿ ತೆಗೆದು ಸ್ಟ್ಯಾಟಿನ್ ವಿರುದ್ಧ ವಾದಿಸುವವರು ಈ ಸಮಾನತೆಯನ್ನು ಕಾಣುವುದಿಲ್ಲ.

ಪಿಸಿಎಸ್‌ಕೆ9 ತಡೆಯುವ ಚುಚ್ಚುಮದ್ದುಗಳು ಬಂದಮೇಲೆ ಕಥೆ ಇನ್ನೊಂದು ತಿರುವು ಪಡೆಯಿತು. 27,564 ಜನರ ಫೋರಿಯರ್ ಪ್ರಯೋಗದಲ್ಲಿ ಇವೊಲೊಕ್ಯುಮ್ಯಾಬ್ ಸುಮಾರು ಎರಡು ವರ್ಷಗಳಲ್ಲಿ ಹೊಸ ಮಧುಮೇಹವನ್ನು ಅರ್ಥಪೂರ್ಣವಾಗಿ ಹೆಚ್ಚಿಸಲಿಲ್ಲ: ಅಂದಾಜು 5%, ವಿಶ್ವಾಸ ವ್ಯಾಪ್ತಿ 6% ಇಳಿಕೆಯಿಂದ 17% ಏರಿಕೆಯವರೆಗೆ. ಜೀನ್ ಹೌದೆಂದರೆ ಔಷಧಿ ಇಲ್ಲವೆನ್ನುತ್ತಿದೆ ಎಂದು ಕೆಲವರು ಬರೆದರು. ನನಗೆ ಇಲ್ಲಿ ವಿರೋಧ ಕಾಣುವುದಿಲ್ಲ. ಆ 17ರ ಒಳಗೆ ಸ್ಟ್ಯಾಟಿನ್‌ನ 9ಕ್ಕೂ 12ಕ್ಕೂ ಜಾಗವಿದೆ, ಎರಡು ವರ್ಷ ಮಧುಮೇಹದ ಲೆಕ್ಕದಲ್ಲಿ ಬಹಳ ಕಡಿಮೆ. ಇನ್ನೊಂದು ಸಂಗತಿಯೂ ಇದೆ: ಪ್ರತಿಕಾಯದ ಚುಚ್ಚುಮದ್ದು ರಕ್ತದಲ್ಲಿ ಸುತ್ತುವ ಪಿಸಿಎಸ್‌ಕೆ9 ಅನ್ನು ಹಿಡಿಯುತ್ತದೆ, ಜೀನಿನ ದೋಷ ಮೇದೋಜೀರಕ ಗ್ರಂಥಿಯೂ ಸೇರಿ ಅದು ತಯಾರಾಗುವ ಎಲ್ಲ ಅಂಗಗಳಲ್ಲೂ ಇರುತ್ತದೆ.

ಮೇದೋಜೀರಕದ ಮಾತು ಬಂದದ್ದರಿಂದ ಇಡೀ ಸಾಕ್ಷ್ಯದಲ್ಲಿ ನನಗೆ ಅತ್ಯಂತ ಗಟ್ಟಿ ಎನಿಸಿದ ತುಂಡಿಗೆ ಬರಬಹುದು. ಕೌಟುಂಬಿಕ ಅಧಿಕ ಕೊಲೆಸ್ಟ್ರಾಲ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಸಾಮಾನ್ಯವಾಗಿ ಎಲ್‌ಡಿಎಲ್ ಗ್ರಾಹಕವೇ ಹಾಳಾಗಿರುತ್ತದೆ. ಎಲ್‌ಡಿಎಲ್ ಜೀವಕೋಶದೊಳಗೆ ಹೋಗಲಾರದೆ ರಕ್ತದಲ್ಲಿ ಉಳಿದು, ಚಿಕ್ಕ ವಯಸ್ಸಿಗೇ ಹೃದಯಾಘಾತ ತರುತ್ತದೆ. ಸ್ಟ್ಯಾಟಿನ್ ಮಾಡುವುದರ ತದ್ವಿರುದ್ಧ ಸ್ಥಿತಿ ಇದು. ಎಲ್‌ಡಿಎಲ್ ಒಳಹೋಗುವುದೇ ಮಧುಮೇಹಕ್ಕೆ ದಾರಿ ಎಂಬುದು ನಿಜವಾದರೆ ಈ ರೋಗಿಗಳಲ್ಲಿ ಸಕ್ಕರೆ ಕಾಯಿಲೆ ಕಡಿಮೆ ಇರಬೇಕು. ನೆದರ್ಲೆಂಡ್ಸ್‌ನಲ್ಲಿ ಈ ಕಾಯಿಲೆಯ ಕುಟುಂಬಗಳನ್ನು ಹುಡುಕಿ ಡಿಎನ್‌ಎ ಪರೀಕ್ಷೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮ 1994ರಿಂದ 2014ರವರೆಗೆ ನಡೆಯಿತು. ಅದರ 63,320 ಜನರ ದಾಖಲೆಗಳನ್ನು 2015ರಲ್ಲಿ ಯೋಸ್ಟ್ ಬೆಸೆಲಿಂಗ್ ಮತ್ತು ಸಂಗಡಿಗರು ಪರಿಶೀಲಿಸಿದರು. ಕಾಯಿಲೆ ಇದ್ದವರಲ್ಲಿ ಮಧುಮೇಹ 1.75%, ಕಾಯಿಲೆ ಇಲ್ಲದ ಅವರ ಬಂಧುಗಳಲ್ಲಿ 2.93%. ವಯಸ್ಸು, ದೇಹತೂಕ ಮೊದಲಾದವನ್ನು ಸರಿದೂಗಿಸಿದ ಮೇಲೆ ಅಂತರ ಇನ್ನೂ ಹಿಗ್ಗಿ 1.44% ಮತ್ತು 3.26% ಆಯಿತು. ಹೋಲಿಕೆ ನಡೆದದ್ದು ಒಂದೇ ಮನೆತನದ, ಬಹುಮಟ್ಟಿಗೆ ಒಂದೇ ಬಗೆಯ ಊಟ ಉಂಡು ಬೆಳೆದ ಜನರ ನಡುವೆ ಎಂಬುದನ್ನು ನೆನಪಿಡಿ.

ಅದಕ್ಕಿಂತ ಮಿಗಿಲಾದದ್ದು ಅದರೊಳಗಿನ ಮೆಟ್ಟಿಲು. ಎಲ್‌ಡಿಎಲ್ ಕಣಕ್ಕೆ ಅಂಟಿದ ಅಪೊ-ಬಿ ಪ್ರೋಟೀನಿನಲ್ಲಿ ದೋಷವಿದ್ದವರಿಗಿಂತ ಗ್ರಾಹಕದಲ್ಲೇ ದೋಷವಿದ್ದವರಲ್ಲಿ ಮಧುಮೇಹ ಕಡಿಮೆ. ಗ್ರಾಹಕ ಅರೆಬರೆ ಕೆಲಸ ಮಾಡುವವರಿಗಿಂತ ಪೂರ್ತಿ ಕೆಟ್ಟವರಲ್ಲಿ ಇನ್ನೂ ಕಡಿಮೆ. ದೋಷ ತೀವ್ರವಾದಷ್ಟೂ ರಕ್ಷಣೆ ಹೆಚ್ಚು. ಕಾಕತಾಳೀಯಕ್ಕೆ ಇಂಥ ಮೆಟ್ಟಿಲು ಕಟ್ಟಲು ಬರುವುದಿಲ್ಲ. ಇದರಲ್ಲಿ ದೇಹತೂಕಕ್ಕೆ ಕೆಲಸವಿಲ್ಲ ಎಂಬುದೂ ನನ್ನ ವಾದಕ್ಕೆ ಮುಖ್ಯ, ಏಕೆಂದರೆ ಅದನ್ನು ಸರಿದೂಗಿಸಿದ ನಂತರ ಅಂತರ ಕುಗ್ಗದೆ ಹಿಗ್ಗಿತು.

ಒಳಹೋದ ಕೊಲೆಸ್ಟ್ರಾಲ್ ಏನು ಮಾಡುತ್ತದೆ? ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಲ್ಲೂ ಎಲ್‌ಡಿಎಲ್ ಗ್ರಾಹಕಗಳಿವೆ. ಅಲ್ಲಿ ಕೊಲೆಸ್ಟ್ರಾಲ್ ಕೂಡಿಕೊಂಡರೆ ಇನ್ಸುಲಿನ್ ಸ್ರವಿಸುವ ಸಾಮರ್ಥ್ಯ ಕುಂದುತ್ತದೆ ಎಂಬುದು ಊಹೆ, ಆದರೆ ಬುಡವಿಲ್ಲದ ಊಹೆಯಲ್ಲ. ಜೀವಕೋಶದಿಂದ ಕೊಲೆಸ್ಟ್ರಾಲನ್ನು ಹೊರಹಾಕುವ ಎಬಿಸಿಎ1 ಎಂಬ ಪಂಪಿನ ಕಥೆ ಅದಕ್ಕೆ ಬೆಂಬಲ. ಅಮೆರಿಕದ ಚೆಸಪೀಕ್ ಕೊಲ್ಲಿಯ ಟ್ಯಾಂಜಿಯರ್ ದ್ವೀಪದ ಒಬ್ಬ ಹುಡುಗ ಮತ್ತು ಅವನ ಸೋದರಿಯ ಟಾನ್ಸಿಲ್ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ರಕ್ತದಲ್ಲಿ ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) ಇಲ್ಲವೆನ್ನುವಷ್ಟು ಕಡಿಮೆ. 1961ರಲ್ಲಿ ಡೊನಾಲ್ಡ್ ಫ್ರೆಡ್ರಿಕ್ಸನ್ ಇದನ್ನು ವರದಿ ಮಾಡಿದರು. ಈ ಪಂಪು ಕೆಟ್ಟಿರುವುದೇ ಕಾರಣ ಎಂದು ತಿಳಿದದ್ದು 1999ರಲ್ಲಿ. 2007ರಲ್ಲಿ ವ್ಯಾಂಕೂವರಿನ ಮೈಕೆಲ್ ಹೇಡನ್ ಪ್ರಯೋಗಾಲಯ ಇಲಿಗಳ ಬೀಟಾ ಕೋಶಗಳಲ್ಲಿ ಮಾತ್ರ ಈ ಪಂಪನ್ನು ತೆಗೆದುಹಾಕಿ ನೋಡಿತು: ಕೊಲೆಸ್ಟ್ರಾಲ್ ಒಳಗೇ ಕೂತಿತು, ಇನ್ಸುಲಿನ್ ಹೊರಬರುವುದು ಕುಗ್ಗಿತು. ಈ ಜೀನಿನ ಒಂದು ಪ್ರತಿ ಕೆಟ್ಟ ಮನುಷ್ಯರಲ್ಲೂ ಇನ್ಸುಲಿನ್ ಸ್ರಾವ ಕಡಿಮೆ ಎಂದು 2010ರಲ್ಲಿ ಡಚ್ ಗುಂಪೊಂದು ತೋರಿಸಿತು. ಮೆಕ್ಸಿಕೊದ ಮೂಲನಿವಾಸಿ ಸಂತತಿಯವರಲ್ಲಿ ಇದೇ ಜೀನಿನ ಆರ್230ಸಿ ರೂಪ ಸಾಕಷ್ಟು ಸಾಮಾನ್ಯ, ಯುರೋಪಿನವರಲ್ಲಿ ಇಲ್ಲ. ಅಲ್ಲಿ ಅದು ಕಡಿಮೆ ಎಚ್‌ಡಿಎಲ್, ಬೊಜ್ಜು ಮತ್ತು 45 ದಾಟುವ ಮೊದಲೇ ಬರುವ ಮಧುಮೇಹದ ಜೊತೆಗೆ ಕಾಣಿಸಿಕೊಂಡಿದೆ.

ಬೀಟಾ ಕೋಶವೇ ಎಲ್ಲವೂ ಎಂದು ಹೇಳಲಾಗದು. ಫಿನ್ಲೆಂಡಿನ ಕುಓಪಿಯೊದಲ್ಲಿ ಮಾರ್ಕು ಲಾಕ್ಸೊ ತಂಡ 8,749 ಗಂಡಸರನ್ನು ಹಿಂಬಾಲಿಸಿದಾಗ ಸ್ಟ್ಯಾಟಿನ್ ಸೇವಿಸುವವರಲ್ಲಿ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಗುಣ 24%, ಇನ್ಸುಲಿನ್ ಸ್ರಾವ 12% ತಗ್ಗಿತ್ತು. ಯಕೃತ್ತೂ ತನ್ನ ಪಾಲು ಕೇಳುತ್ತದೆ. ಟಿಎಂ6ಎಸ್‌ಎಫ್2 ಜೀನಿನ ಒಂದು ರೂಪ ಉಳ್ಳವರಲ್ಲಿ ಯಕೃತ್ತು ಕೊಬ್ಬನ್ನು ರಕ್ತಕ್ಕೆ ಸರಿಯಾಗಿ ಸಾಗಿಸುವುದಿಲ್ಲ. ಹೀಗಾಗಿ ರಕ್ತದ ಎಲ್‌ಡಿಎಲ್ ಕಡಿಮೆ, ಹೃದ್ರೋಗ ಕಡಿಮೆ. ಯಕೃತ್ತಿನಲ್ಲಿ ಮಾತ್ರ ಕೊಬ್ಬು ಹೆಚ್ಚು, ಮಧುಮೇಹವೂ ಹೆಚ್ಚು. ಲ್ಯಾಬ್ ವರದಿಯಲ್ಲಿ ಒಂದೇ ಬಗೆಯ ಎಲ್‌ಡಿಎಲ್ ಅಂಕಿ ಇರುವ ಇಬ್ಬರಲ್ಲಿ ಆ ಅಂಕಿ ಯಾವ ದಾರಿಯಿಂದ ಬಂತು ಎಂಬುದರ ಮೇಲೆ ಉಳಿದದ್ದು ನಿಂತಿದೆ.

ಭಾರತದ ಮಟ್ಟಿಗೆ ಈ ಸಾಕ್ಷ್ಯವನ್ನು ಓದುವಾಗ ಎರಡು ವಿಷಯಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದು, ತೂಕದ ಜೀನ್‌ಗಳ ವರ್ತನೆ. ಯುರೋಪಿನಲ್ಲಿ ಎಫ್‌ಟಿಒದ ಅಪಾಯದ ರೂಪವನ್ನು ಎರಡು ಪ್ರತಿ ಪಡೆದವರು ಸುಮಾರು 3 ಕಿಲೊ ಹೆಚ್ಚು ತೂಗುತ್ತಾರೆ. ಅವರ ಮಧುಮೇಹ ಪೂರ್ತಿಯಾಗಿ ಆ ತೂಕದ ಮೂಲಕವೇ ಬರುತ್ತದೆ, ಬಿಎಂಐಯನ್ನು ಲೆಕ್ಕಕ್ಕೆ ಹಿಡಿದರೆ ನಂಟು ಅಳಿಸಿಹೋಗುತ್ತದೆ. ಪುಣೆಯ ಚಿತ್ತರಂಜನ್ ಯಾಜ್ಞಿಕ್, ಹೈದರಾಬಾದಿನ ಗಿರಿರಾಜ್ ಚಾಂಡಕ್ ಮತ್ತಿತರರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಗಾಗಲಿಲ್ಲ. ಬಿಎಂಐಯನ್ನು ಸರಿದೂಗಿಸಿದ ಮೇಲೂ ಎಫ್‌ಟಿಒ ಮತ್ತು ಮಧುಮೇಹದ ನಂಟಿನ ಬಹುಭಾಗ ಉಳಿಯಿತು. ಎಂಸಿ4ಆರ್ ಜೀನಿನ ಬಳಿಯ ರೂಪಭೇದ ಸೊಂಟದ ಸುತ್ತಳತೆಯನ್ನೂ ಇನ್ಸುಲಿನ್ ಪ್ರತಿರೋಧವನ್ನೂ ಹೆಚ್ಚಿಸುತ್ತದೆ. ಲಂಡನ್ನಿನ ಭಾರತೀಯ ಮೂಲದವರಲ್ಲಿ ಅದು ಬಿಳಿಯರಲ್ಲಿರುವುದಕ್ಕಿಂತ ಹೆಚ್ಚು ಸಾಮಾನ್ಯ ಎಂದು 2008ರಲ್ಲಿ ಜಾನ್ ಚೇಂಬರ್ಸ್ ಮತ್ತು ಜಸ್ಪಾಲ್ ಕೂನರ್ ತಂಡ ಕಂಡುಕೊಂಡಿತ್ತು. ತಕ್ಕಡಿಯ ತೂಕ ನಮ್ಮಲ್ಲಿ ಬೊಜ್ಜಿನ ಕೆಟ್ಟ ಅಳತೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನ ಇದನ್ನು ಹುಟ್ಟಿನಲ್ಲೇ ತೋರಿಸಿದೆ: ಬ್ರಿಟನ್ನಿನ ಶಿಶುಗಳಿಗಿಂತ ತೂಕ ಎಷ್ಟೋ ಕಡಿಮೆ ಇದ್ದ ಮೈಸೂರಿನ ಶಿಶುಗಳ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟು ಕಡಿಮೆ ಇರಲಿಲ್ಲ. ಗರ್ಭಿಣಿಯಾಗಿದ್ದಾಗ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಈ ಕೊಬ್ಬು ಮುಂದೆ ಇನ್ನೂ ಎದ್ದುಕಂಡಿತು. ಮನೆತನದಲ್ಲಿ ಬರುವುದೆಲ್ಲ ಜೀನ್‌ನಿಂದಲೇ ಬರುವುದಿಲ್ಲ. ಗರ್ಭದೊಳಗಿನ ಸಕ್ಕರೆಯೂ ಒಂದು ಬಗೆಯ ಆಸ್ತಿ. ಹೀಗಿರುವಾಗ ಒಂದು ಪ್ರತಿಗೆ 0.30 ಕಿಲೊ ಎಂಬ ಅಂಕಿಯನ್ನು ಇಲ್ಲಿಗೆ ಹಾಗೆಯೇ ಹೊತ್ತು ತರುವುದು ಸರಿಯಲ್ಲ.

ಎರಡನೆಯದು ಸಕ್ಕರೆಯ ಹೊಸ್ತಿಲು. ಫೆರೆನ್ಸ್ ಲೆಕ್ಕದಲ್ಲಿ ಮಧುಮೇಹದ ಏರಿಕೆ ಕಂಡದ್ದು ಖಾಲಿ ಹೊಟ್ಟೆಯ ಸಕ್ಕರೆ ಆಗಲೇ ಹೆಚ್ಚಿದ್ದವರಲ್ಲಿ ಮಾತ್ರ. 2024ರಲ್ಲಿ ಸ್ಟ್ಯಾಟಿನ್ ಪ್ರಯೋಗಗಳ ಅಂತರರಾಷ್ಟ್ರೀಯ ಒಕ್ಕೂಟ ಒಬ್ಬೊಬ್ಬ ಪಾಲುದಾರರ ದಾಖಲೆಯನ್ನೂ ಬಿಡಿಸಿ ನೋಡಿ ಬಹುಮಟ್ಟಿಗೆ ಇದನ್ನೇ ದೃಢಪಡಿಸಿತು: ಸಾಧಾರಣ ಪ್ರಮಾಣದಲ್ಲಿ 10%, ಹೆಚ್ಚಿನ ಪ್ರಮಾಣದಲ್ಲಿ 36% ಏರಿಕೆ, ಹೆಚ್ಚುವರಿ ರೋಗಿಗಳಲ್ಲಿ ಸುಮಾರು 62% ಮಂದಿ, ಆರಂಭದಲ್ಲೇ ಸಕ್ಕರೆ ಅತಿ ಹೆಚ್ಚಿದ್ದ ಕಾಲು ಭಾಗದವರು. ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ 2023ರ ವರದಿಯ ಪ್ರಕಾರ ಭಾರತದಲ್ಲಿ ಮಧುಮೇಹ ಇರುವವರು 10.1 ಕೋಟಿ, ಹೊಸ್ತಿಲಲ್ಲಿ, ಅಂದರೆ ಮಧುಮೇಹಪೂರ್ವ ಸ್ಥಿತಿಯಲ್ಲಿ ಇರುವವರು 13.6 ಕೋಟಿ. ಸತ್ತಾರ್ ಹೇಳಿದ 255ಕ್ಕೆ ಒಬ್ಬರು ಎಂಬ ಅನುಪಾತ ಹುಟ್ಟಿದ್ದು ಹೊಸ್ತಿಲಲ್ಲಿ ಇಷ್ಟು ಜನ ಇಲ್ಲದ ದೇಶಗಳಲ್ಲಿ. ಹಾಗೆಂದು ಲಾಭದ ಅನುಪಾತವೂ ಅಲ್ಲಿಯಂತೆಯೇ ಇರಬೇಕಾಗಿಲ್ಲ, ಏಕೆಂದರೆ ದಕ್ಷಿಣ ಏಷ್ಯಾದವರಿಗೆ ಹೃದಯಾಘಾತ ಬೇಗ ಬರುತ್ತದೆ. ಡೇವಿಡ್ ಪ್ರೈಸ್ ತಂಡ 2011ರಲ್ಲಿ ಲೆಕ್ಕ ಹಾಕಿದಂತೆ, ಸಾಧಾರಣದ ಬದಲು ಹೆಚ್ಚಿನ ಪ್ರಮಾಣದ ಸ್ಟ್ಯಾಟಿನ್ ಕೊಟ್ಟಾಗ ವರ್ಷಕ್ಕೆ 498 ಮಂದಿಯಲ್ಲಿ ಒಬ್ಬರಿಗೆ ಮಧುಮೇಹ ಸೇರಿಕೊಂಡರೆ 155 ಮಂದಿಯಲ್ಲಿ ಒಬ್ಬರ ಹೃದಯರಕ್ತನಾಳದ ಅವಘಡ ತಪ್ಪುತ್ತಿತ್ತು. ನನಗೆ ತಿಳಿದ ಮಟ್ಟಿಗೆ ಹೃದ್ರೋಗದ ಅಪಾಯವಿರುವ ಯಾರಿಗೂ ಈ ಸಾಕ್ಷ್ಯ ಓದಿ ಮಾತ್ರೆ ನಿಲ್ಲಿಸಲು ಕಾರಣವಿಲ್ಲ. ಮಾತ್ರೆ ಶುರುಮಾಡುವ ಮೊದಲೇ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಟ್ಟುಕೊಳ್ಳಲು ಕಾರಣವಿದೆ.

ಎಚ್‌ಎಂಜಿಸಿಆರ್, ಪಿಸಿಎಸ್‌ಕೆ9 ಕುರಿತ ಮೇಲಿನ ಅಂಕಿಗಳಲ್ಲಿ ಹೆಚ್ಚಿನವು ಯುರೋಪಿಯನ್ ಸಂತತಿಯವರಿಂದ ಬಂದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಸಂಯೋಜಿಸಿದ ಜೀನೋಮ್‌ಇಂಡಿಯಾ ಯೋಜನೆಯ ಸುಮಾರು 10,000 ಜೀನೋಮ್‌ಗಳ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿದೆ. ಯಾವ ಸಮುದಾಯದಲ್ಲಿ ಯಾವ ರೂಪ ಎಷ್ಟು ಸಾಮಾನ್ಯ ಎಂಬುದಕ್ಕೆ ಅಷ್ಟು ಸಾಕು. ಒಂದು ಪ್ರತಿಗೆ 2% ಅಥವಾ 6% ಎಂಬಂಥ ಸಣ್ಣ ಏರಿಕೆಯನ್ನು ಹಿಡಿಯಲು ಅದರ ಹತ್ತಾರು ಪಟ್ಟು ಜನ ಬೇಕು, ಮತ್ತು ಅವರನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ಅಂಥ ಅಧ್ಯಯನಕ್ಕೆ ಕೈಹಾಕುವವರು ಬಿಎಂಐಯನ್ನು ನೆಚ್ಚದೆ ಸೊಂಟದ ಸುತ್ತಳತೆ ಮತ್ತು ಯಕೃತ್ತಿನ ಕೊಬ್ಬನ್ನು ಅಳೆಯಬೇಕು, ಆರಂಭದ ಸಕ್ಕರೆಯ ಮಟ್ಟದಂತೆ ಜನರನ್ನು ಮೊದಲೇ ವಿಂಗಡಿಸಬೇಕು, ಮತ್ತು ಎಚ್‌ಎಂಜಿಸಿಆರ್ ಪಕ್ಕದ ಪಿಒಸಿ5 ರೂಪಭೇದಗಳನ್ನು ಬೇರೆಯಾಗಿ ಎಣಿಸಬೇಕು. ಆಗ 10 ಮಿಲಿಗ್ರಾಂಗೆ 13% ಎಂಬ ಅಂದಾಜು ಹೊಸ್ತಿಲಲ್ಲಿರುವ ಭಾರತೀಯರಲ್ಲಿ ಎಷ್ಟಾಗುತ್ತದೆ ಎಂದು ಹೇಳಬಹುದು.